ಎಡಗಡೆಯ ದನಿ

೨೦೦೧ರಲ್ಲಿ ಪುಣೆಯ ನಿಗಡಿಯಲ್ಲಿದ್ದ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದು ಇದು. ಹಾಡು ಕೇಳುವ ಹುಚ್ಚಿಗೆ ನನಗೊಂದು ಹೊಸ ಆಂಪ್ಲಿಫೈಯರ್ ಬೇಕಿತ್ತು. ಎರಡೂ ಸ್ಪೀಕರುಗಳನ್ನು ಒಂದೇ ಡಬ್ಬಿ ನುಡಿಸುವ ಸ್ಟೀರಿಯೊ ಒಳ್ಳೆಯದೋ, ಸ್ಪೀಕರಿಗೊಂದರಂತೆ ಬೇರೆ ಬೇರೆ ಡಬ್ಬಿ ಇರುವ ಮೋನೊಬ್ಲಾಕ್ ಒಳ್ಳೆಯದೋ ತಿಳಿಯದೆ, ಗೆಳೆಯನಿಂದ ಎರಡನ್ನೂ ತಂದೆ.

ಪರೀಕ್ಷೆಗೆಂದು ಸೋಮವಾರದ ಭಜನೆಯ ಹಳೆಯ ಕ್ಯಾಸೆಟ್ಟುಗಳಲ್ಲಿ ಕೈಗೆ ಸಿಕ್ಕ ಒಂದನ್ನು ಹಾಕಿದೆ. ಒಂದೇ ಮೈಕಿಟ್ಟು ನಾನೇ ಟೇಪ್ ಮಾಡಿದ್ದರಿಂದ ಎರಡೂ ಕಡೆ ಒಂದೇ ದನಿ ಬರಬೇಕು. ಸ್ಟೀರಿಯೊದಲ್ಲಿ ಹಾಗೇ ಬಂತು. ಮೋನೊಬ್ಲಾಕಿನಲ್ಲಿ ಮಾತ್ರ ಎಡಗಡೆಯಿಂದ ಒಂದು ಹೆಣ್ಣುದನಿ ಪಲ್ಲವಿಗೆ ತುಸು ತಡವಾಗಿ ಸೇರುತ್ತಿತ್ತು. ನಡುನಡುವೆ ಸಣ್ಣ ಕೆಮ್ಮು ಬೇರೆ. ಡಬ್ಬಿಗಳನ್ನು ಅದಲುಬದಲು ಮಾಡಿದೆ, ತಂತಿ ಬದಲಿಸಿದೆ. ದನಿ ಎಡಗಡೆಯೇ ಉಳಿಯಿತು.

ಹೆಂಡತಿ ಬಸವಣ್ಣೆವ್ವ ಸೌಟು ಹಿಡಿದೇ ಅಡಿಗೆಮನೆಯಿಂದ ಬಂದಳು. "ಇದು ಅತ್ತಿಯವರ ದನಿ ಅಲ್ಲೇನ್ರಿ? ಕೆಮ್ಮೂ ಅವರದ ಅದ."

"ಹೌದಲ್ಲ! ಅವ್ವಗ ಭಜನಿ ಅಂದ್ರ ಭಾಳ ಪ್ರೀತಿ ಇತ್ತು," ಎಂದೆ ಖುಷಿಯಿಂದ.

"ಇದನ್ನ ಯಾವಾಗ ಟೇಪ್ ಮಾಡಿದ್ರಿ?"

ಕ್ಯಾಸೆಟ್ ತೆಗೆದು ನೋಡಿದೆ. ತಾರೀಖು ನನ್ನದೇ ಅಕ್ಷರದಲ್ಲಿತ್ತು. ತೀರಿಕೊಂಡ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮಣ್ಣಿಗೆ ಒಯ್ಯುವ ತನಕ ಅವಳೆದುರು ಭಜನೆ ಮಾಡಿದ ದಿನ ಅದು.

ಸ್ಟೀರಿಯೊ ವಾಪಸು ಕೊಟ್ಟು ಮೋನೊಬ್ಲಾಕನ್ನೇ ಇಟ್ಟುಕೊಂಡೆ. ಆ ಕ್ಯಾಸೆಟ್ಟನ್ನು ಈಗಲೂ ಕೇಳುತ್ತೇನೆ. ಇತ್ತೀಚೆಗೆ ಅವ್ವ ಪಲ್ಲವಿಗೆ ತಡಮಾಡುತ್ತಿಲ್ಲ.