ಒಬ್ಬಾಕಿ ಒಗೆದ ಕೌದಿ

೨೦೧೨ರ ಅಕ್ಟೋಬರ್ ೧೧, ಗುರುವಾರ, ಬೆಳಿಗ್ಗೆ ೯-೪೦. ಶಹಾಪುರ ತಾಲೂಕಿನ ಪೊಲೀಸ್ ಠಾಣೆಯೊಂದಕ್ಕೆ ಮುದನಾಳದ ದೇವಕಮ್ಮ ಬರಿಗಾಲಲ್ಲಿ ಬಂದಳು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ನನ್ನ ಮಗಳು ಸಾಯಬಮ್ಮನ್ನ ಗಂಡ ಕೊಂದಾನ್ರಿ. ಹೆಣ ಕಾಲುವ್ಯಾಗ ಐತಿ ಅಂತ ಊರಿಂದ ಫೋನ್ ಬಂತು. ಬರಕೋರ್ರಿ.”

“ಕೊಂದದ್ದು ನೀ ನೋಡೀಯೇನು?” ಇನ್‌ಸ್ಪೆಕ್ಟರ್ ಮರಿಲಿಂಗಪ್ಪ ಕೇಳಿದರು.

“ಅಂವ ಎಂಥಾವ ಅಂತ ಕೋರ್ಟಿನವ್ರೇ ಬರದಾರಲ್ರಿ! ಇನ್ನೇನು ನೋಡಬೇಕು?”

ಮಾತು ಸುಳ್ಳಲ್ಲ. ದೇವಕಮ್ಮನ ಅಳಿಯ, ದೋರನಹಳ್ಳಿಯ ಗುರಣ್ಣ, ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಹೆಂಡತಿಗೆ ಕಾದ ಸಲಾಕೆ ಇಟ್ಟದ್ದಕ್ಕೆ ಜೂನ್ ತಿಂಗಳಲ್ಲಿ ಎರಡು ವರ್ಷ ಶಿಕ್ಷೆಯಾಗಿತ್ತು. ಯಾದಗಿರಿಯ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದ. ಅಷ್ಟಾದ ಮೇಲೂ ಊರ ಹಿರಿಯರು ಕೂಡಿ, “ಗಂಡ ಹೆಂಡರ ಜಗಳ ಉಂಡು ಮಲಗೋತನಕ” ಅಂದು ಅವಳನ್ನು ಅದೇ ಮನೆಗೆ ಕಳಿಸಿದ್ದರು. ಸಲಾಕೆ ಕಾಯಿಸಿದವನಿಗೂ ಆ ಗಾದೆಯಂತೆ! ಹೇಳಿದ ಬಾಯಿಗೆ ಮಣ್ಣು ಬೀಳಲಿ. ಜೀಪಿನಲ್ಲಿ ಕೂರಿಸಿಕೊಂಡು ಬಿಟ್ಟು ಬಂದವನು ಇದೇ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಭಾಗಣ್ಣ. ಈಗ ದೇವಕಮ್ಮನ ದೂರು ಬರೆದುಕೊಂಡವನೂ ಅವನೇ. ೧೦-೦೫ಕ್ಕೆ ಎಫ್‌ಐಆರ್ ದಾಖಲಾಯಿತು.

ಹೆಣ ಕಾಲುವೆಯ ತೂಬಿನ ಸರಳಿಗೆ ಸಿಕ್ಕಿಕೊಂಡಿತ್ತು. ಮದುವೆಯಾಗಿ ಏಳು ವರ್ಷ ತುಂಬಿರಲಿಲ್ಲವಾದ್ದರಿಂದ ತಹಸೀಲ್ದಾರರೇ ಬಂದು ಶವ ಪಂಚನಾಮೆ ಮಾಡಿದರು. ಮೆಟ್ಟಿಲ ಮೇಲೆ, ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಒಂದು ಕೌದಿ ನೀರು ಸೋರುತ್ತ ಬಿದ್ದಿತ್ತು. ಗುರಣ್ಣ ಅದರ ಪಕ್ಕ ಕೂತು ಟವೆಲ್ಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದ.

“ಮಾರ್ನವಮಿ ಬಂತಲ್ರಿ. ಕೌದಿ ಒಕ್ಕೊಂಡು ಬರ್ತೀನಂತ ಮುಂಜಾನೆದ್ದು ಒಬ್ಬಾಕೀನೇ ಹೋದ್ಲು. ಜಾರಿ ಬಿದ್ದಾಳ್ರಿ.”

ಸುತ್ತ ನಿಂತ ಗಂಡಸರು ಹೌದೌದು ಎಂದು ತಲೆಯಾಡಿಸಿದರು. ಹಿಂದೆ ನಿಂತಿದ್ದ ಪಕ್ಕದ ಮನೆಯ ಮದೀನಾಬೀ ಅವರನ್ನು ಸರಿಸಿ ಮುಂದೆ ಬಂದಳು.

“ಸಾಹೇಬ್ರ, ಆ ಕೌದಿ ಒಮ್ಮಿ ಎತ್ತಸ್ರಿ.”

ಭಾಗಣ್ಣ ಎತ್ತಲು ಹೋದ. ಅರ್ಧ ಮೇಲೆ ಬಂತು, ಅವನ ಸೊಂಟ ಹಿಡಿಯಿತು, ಕೈಬಿಟ್ಟ.

“ನೋಡಿದ್ರಿಲ್ಲೋ? ಹಸಿ ಕೌದಿ ಹಿಂಡಾಕ ಆ ತುದಿಗೊಬ್ಬಾಕಿ, ಈ ತುದಿಗೊಬ್ಬಾಕಿ ಬೇಕು. ಕೌದಿ ಒಗಿಯಾಕ ನಮ್ಮೂರಾಗ ಯಾವ ಹೆಂಗಸೂ ಒಬ್ಬಾಕಿ ಬರಂಗಿಲ್ರಿ. ಆಕಿ ಜೋಡಿ ನಾನು. ಮಂಗಳವಾರನ ಇಬ್ರೂ ಕೂಡಿ ಅವ್ರ ಮನಿ ಕೌದಿ ಎಲ್ಲಾ ಒಗದು, ಒಣಗಿಸಿ, ಮಡಚಿ ಇಟ್ಟೀವಿ. ಇದೂ ಅದ್ರಾಗಿಂದೇ.”

ಗುರಣ್ಣನ ಅಳು ನಿಂತಿತು. ಮರಿಲಿಂಗಪ್ಪ ಕೌದಿಯನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದರು.

ಅಕ್ಟೋಬರ್ ೧೨, ಸಂಜೆ ೪ ಗಂಟೆಗೆ ಮರಣೋತ್ತರ ವರದಿ ಬಂತು. ಶ್ವಾಸಕೋಶದಲ್ಲಿ ನೀರಿಲ್ಲ. ಗಂಟಲಿನ ಎಲುಬು ಮುರಿದಿದೆ. ೪-೩೦ಕ್ಕೆ ಗುರಣ್ಣನನ್ನು ಠಾಣೆಗೆ ಕರೆತಂದರು.

“ಕೌದಿ ಕಾಲುವಿಗೆ ತಂದವ್ರು ಯಾರು?”

“ಆಕಿ.”

“ಒಗದಿಟ್ಟ ಕೌದಿ ಯಾಕ ತಂದ್ಲು?”

ಗುರಣ್ಣ ಟವೆಲ್ಲಿನಿಂದ ಹಣೆ ಒರೆಸಿಕೊಂಡ.

“ನಿನ್ನ ಮನ್ಯಾಗ ಕೌದಿ ಯಾವತ್ತು ಒಗದ್ರು, ಯಾರು ಒಗದ್ರು, ಗೊತ್ತಿತ್ತೇನು ನಿನಗ?”

“ಅದು ಹೆಂಗಸರ ಕೆಲಸ ಅಲ್ಲೇನ್ರಿ?”

ಐದು ವರ್ಷ ಬೆಚ್ಚಗೆ ಹೊದ್ದು ಮಲಗಿದ್ದ ಕೌದಿ! ಅದರ ಒಗೆತ ಗೊತ್ತಿಲ್ಲ ಈ ಮಹಾರಾಯನಿಗೆ. ಮರಿಲಿಂಗಪ್ಪನವರ ಕೈ ತುರಿಸಿತು. ಹೊಡೆದರೆ ಕೋರ್ಟಿನಲ್ಲಿ ಇವನಿಗೇ ಲಾಭವೆಂದು ಹಲ್ಲು ಕಚ್ಚಿ ಕೂತರು.

ಐದೂವರೆಗೆ ಗುರಣ್ಣ ಸ್ವಇಚ್ಛಾ ಹೇಳಿಕೆ ಕೊಟ್ಟ. ಮನೆಯಲ್ಲಿ ಅವನೇ ತೋರಿಸಿದ ಟ್ರಂಕಿನಲ್ಲಿ ಟೈಪು ಮಾಡಿಸಿದ ಪ್ರಮಾಣಪತ್ರವೊಂದು ಸಿಕ್ಕಿತು: ‘ಸಿಟ್ಟಿನ ಭರದಲ್ಲಿ ಗಂಡನ ಮೇಲೆ ಸುಳ್ಳು ದೂರು ಕೊಟ್ಟಿದ್ದೆ.’ ಕೆಳಗೆ ಸಾಯಬಮ್ಮನ ಸಹಿಯ ಜಾಗ ಖಾಲಿ. ಮೇಲ್ಮನವಿಯ ವಿಚಾರಣೆ ಹದಿನೈದಕ್ಕಿತ್ತು.

“ಸಹಿ ಮಾಡು ಅಂದೆ. ‘ಬಾಳೇವು ಮಾಡಾಕ ಬಂದೀನಿ, ಖರೇದ್ದನ್ನ ಸುಳ್ಳು ಅನ್ನಾಕ ಬಂದಿಲ್ಲ’ ಅಂದ್ಲು. ಕುತ್ತಿಗಿಗೆ ಕೈ ಹಾಕಿದೆ.”

“ನೌಕರಿ ಹೋಗ್ತದಂತ ಕೊಂದೇನು?”

ಗುರಣ್ಣ ಮೊದಲ ಸಲ ತಲೆ ಎತ್ತಿದ. “ನೌಕರಿ ಹೋದ್ರ ಹೋಗ್ಲಿರಿ. ಕೋರ್ಟಿನಾಗ ಆಕಿ ಮಾತೇ ಖರೇ, ನಂದು ಸುಳ್ಳು ಅಂತ ಬರದ್ರು. ಹೆಂಡ್ತಿ ಮಾತು ಗೆದ್ದ ಮ್ಯಾಲ ಗಂಡಸು ಊರಾಗ ಹ್ಯಾಂಗ ತಿರಗಬೇಕ್ರಿ?”

ಇಷ್ಟೇ. ಇಷ್ಟಕ್ಕೆ ಒಂದು ಜೀವ ತೆಗೆದಿದ್ದ.

೬-೫೦ಕ್ಕೆ ಬಂಧನ ಪತ್ರಕ್ಕೆ ಸಹಿಯಾಯಿತು. ಮರಿಲಿಂಗಪ್ಪ ಭಾಗಣ್ಣನ ಕಡೆ ತಿರುಗಿದರು.

“ಜೀಪಿನಾಗ ಯಾಕ ಬಿಟ್ಟು ಬಂದಿ ಆಕೀನ?”

“ಸಂಸಾರ ಉಳೀಲಿ ಅಂತ, ಸಾಹೇಬ್ರ.”

“ಉಳೀತೇನು?”

ಭಾಗಣ್ಣ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಹೊರಗೆ ಬೆಂಚಿನ ಮೇಲಿದ್ದ ದೇವಕಮ್ಮ ಎದ್ದು ಬಂದಳು.

“ಈಗ ಒಳಗ ಹಾಕೀರಿ. ಶಿಕ್ಷಾ ಆದ್ರ ಅಂವ ಮತ್ತ ಅಪೀಲು ಹಾಕ್ತಾನೇನ್ರಿ?”

“ಹಾಕಬಹುದವ್ವ. ಕಾನೂನಿನಾಗ ಹಕ್ಕೈತಿ.”

“ನನ್ನ ಮಗಳು ಎಲ್ಲಿ ಹಾಕಬೇಕ್ರಿ ಅಪೀಲು?”

ಆ ಪ್ರಶ್ನೆಯನ್ನು ಬರೆದುಕೊಳ್ಳಲು ಠಾಣೆಯ ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಮರಿಲಿಂಗಪ್ಪ ಅವಳಿಗೆ ಕುರ್ಚಿ ಎಳೆದು ಕೊಟ್ಟರು. ಅವಳು ಉತ್ತರ ಸಿಗುವತನಕ ಹೋಗುವವಳಲ್ಲ ಎಂಬಂತೆ ನಿಂತೇ ಇದ್ದಳು.