ಕುದಿಸಿದ ಕಲ್ಲು

ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಒಲೆ ಉರಿಯುತ್ತಲೇ ಇತ್ತು. ಪಾತ್ರೆಯ ನೀರು ಇಂಗಿ ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ಮನೆಯ ಯಜಮಾನ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿ. ಮಾರುಕಟ್ಟೆಯಿಂದ ಬಂದ ಹೆಂಡತಿ ಒಲೆ ಆರಿಸಿ, ಅವನನ್ನು ಹೊರಗೆ ಎಳೆದು ತಂದು ಕೂಗಿಕೊಂಡಳು.

ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಆತ ಆಸ್ಪತ್ರೆಯಲ್ಲಿದ್ದ. ಹೆಂಡತಿ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಳು. ಅಕ್ವೇರಿಯಂ ಅಂಗಡಿ ಇಟ್ಟಿದ್ದ ಮೈದುನ ಗೇಟಿನಾಚೆ ನಿಂತಿದ್ದ.

"ಅಣ್ಣ ಬೆಳಿಗ್ಗೆ ತಿಂದಿದ್ದು ಅತ್ತಿಗೆ ಮಾಡಿದ್ದನ್ನೇ ಮೇಡಂ. ಇನ್ನೇನು ಹೇಳ್ಲಿ?"

"ಹೇಳೋದೆಲ್ಲ ಹೇಳಿ ಇನ್ನೇನು ಹೇಳ್ಲಿ ಅಂತೀಯಲ್ಲಪ್ಪ," ಎಂದಳು ಅತ್ತಿಗೆ.

ಅಷ್ಟರಲ್ಲಿ ಡಾಕ್ಟರ ಫೋನ್ ಬಂತು. "ಹೊಟ್ಟೆ ತೊಳೆದೆವು, ಏನೂ ಸಿಗಲಿಲ್ಲ. ಹೃದಯ ಸೋಲ್ತಾ ಇದೆ. ಯಾವ ವಿಷ ಅಂತ ಬೇಗ ಹೇಳಿ."

ಕಾನ್‌ಸ್ಟೇಬಲ್ ಹೆಂಡತಿಯ ಕಡೆ ನೋಡಿದ. ಇನ್ಸ್‌ಪೆಕ್ಟರಮ್ಮ ಅಡುಗೆಮನೆಯೊಳಗೆ ನಿಂತು ಮೂಲೆ ನೋಡುತ್ತಿದ್ದಳು. ಪಂಜರದಲ್ಲಿ ಎರಡು ಪುಟ್ಟ ಹಕ್ಕಿಗಳು ಕಾಲು ಮೇಲೆ ಮಾಡಿ ಸತ್ತಿದ್ದವು.

"ಇವಕ್ಕೆ ಏನು ಹಾಕ್ತಿದ್ರಿ?"

"ಬರೀ ಕಾಳು," ಎಂದಳು ಹೆಂಡತಿ ಮೆಟ್ಟಿಲಿನಿಂದಲೇ.

ಯಜಮಾನ ತಿಂದದ್ದನ್ನು ಹಕ್ಕಿಗಳು ತಿಂದಿರಲಿಲ್ಲ. ಆದರೆ ಅವನು ಉಸಿರಾಡಿದ ಗಾಳಿಯನ್ನೇ ಅವೂ ಉಸಿರಾಡಿದ್ದವು. ಇನ್ಸ್‌ಪೆಕ್ಟರಮ್ಮ ತಾನೂ ಅಲ್ಲೇ ನಿಂತಿದ್ದಳು.

ಅವಳು ಓಡಿಹೋಗಿ ಕಿಟಕಿ ತೆರೆದಳು.

* * *

"ಪಾತ್ರೆಯಲ್ಲಿ ಕಲ್ಲು ಯಾಕಿದೆ?"

"ಮೀನಿನ ತೊಟ್ಟಿದು. ಉಪ್ಪುನೀರಿನ ತೊಟ್ಟಿ," ಎಂದಳು ಹೆಂಡತಿ. "ಅಂಗಡಿ ಜಾಗ ನಮ್ಮದು. ಬಿಟ್ಟುಕೊಡು ಅಂದಾಗಿನಿಂದ ಮೈದುನ ಈ ಕಡೆ ತಲೆ ಹಾಕಿರಲಿಲ್ಲ. ಹೋದ ವಾರ ತಾನಾಗೇ ಬಂದು ಈ ಸಮುದ್ರದ ಕಲ್ಲು ಕೊಟ್ಟ. ರಾಜಿ ಆಯ್ತು ಅಂದ್ಕೊಂಡ್ವಿ. ಕಲ್ಲಿನ ಜೊತೆ ಒಂದು ಏಡಿನೂ ಬಂತು, ಕರೆಯದೆ ಬಂದ ನೆಂಟ. ದಿನಕ್ಕೊಂದು ಮೀನು ಮಾಯ. ಇವರಿಗೆ ಊಟ ಸೇರ್ತಿರಲಿಲ್ಲ. ಕಲ್ಲಲ್ಲಿ ಅಡಗಿರೋ ಏಡಿ ಕೊಲ್ಲೋಕೆ ನಿನ್ನೆ ಫೋನಲ್ಲಿ ಯಾರನ್ನೋ ಉಪಾಯ ಕೇಳ್ತಿದ್ರು."

ಕಲ್ಲಿನ ತುಂಬ ಕಂದು ಗುಂಡಿಗಳಂಥ ಹವಳ. ಬೆಂದು ಲೋಳೆಯಾಗಿತ್ತು.

* * *

ಮೈದುನನ ಅಂಗಡಿ ಎದುರು ಬೀದಿಯಲ್ಲೇ. ಪ್ರತಿ ತೊಟ್ಟಿಯಲ್ಲೂ ಒಂದು ಗಾಜಿನ ಲೋಟ ಕಲ್ಲಿಗೆ ಒರಗಿತ್ತು. ಒಳಗೆ ಸೀಗಡಿ ಚೂರು.

"ಇದೇನು?"

"ಏಡಿಗೆ ಬಲೆ. ವಾಸನೆಗೆ ಒಳಗಿಳಿಯುತ್ತೆ. ಗಾಜು ಜಾರುತ್ತೆ, ಹತ್ತೋಕಾಗಲ್ಲ." ಕಸುಬಿನ ಹೆಮ್ಮೆ ಅವನ ದನಿಯಲ್ಲಿತ್ತು. "ಮೊದಲ ಸಲ ಬಂದ ಗಿರಾಕಿಗೂ ಹೇಳಿಕೊಡ್ತೀನಿ."

"ಲೋಟ ಯಾಕೆ, ಕಲ್ಲನ್ನೇ ಕುದಿಸಿದ್ರೆ?"

ಅವನು ಬಗ್ಗಿ, ಸರಿಯಾಗಿದ್ದ ಲೋಟವನ್ನೇ ಮತ್ತೆ ಸರಿಪಡಿಸಿದ.

"ಕುದಿಸಬಹುದು. ಏನೂ ಆಗಲ್ಲ."

"ಹಾಗಾದ್ರೆ ಬನ್ನಿ."

* * *

ಅಡುಗೆಮನೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿದಳು. ಒಲೆಯ ಮೇಲೆ ಮುಚ್ಚಳ ಹಾಕಿದ ಪಾತ್ರೆ. ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಒಲೆ ಹಚ್ಚಿದಳು.

"ಏನ್ ಮೇಡಂ ಇದು?"

"ಏನೂ ಆಗಲ್ಲ ಅಂದ್ರಲ್ಲ. ಕೂತ್ಕೊಳ್ಳಿ."

ನೀರು ಗುಂಯ್‌ಗುಟ್ಟಿತು. ಅವನ ಹಣೆ ಬೆವರಿತು. ಮುಚ್ಚಳ ಅದುರಿ ಮೊದಲ ಹಬೆ ಎದ್ದದ್ದೇ, ಅಂಗಿಯಿಂದ ಮೂಗು ಮುಚ್ಚಿ ಕಿಟಕಿಗೆ ಹಾರಿದ. ಚಿಲಕ ಸಿಗಲಿಲ್ಲ. "ಆರಿಸಿ! ಸಾಯ್ತೀವಿ! ಹವಳದ ವಿಷ, ಹಬೆಯಲ್ಲಿ ಬರುತ್ತೆ!"

ಇನ್ಸ್‌ಪೆಕ್ಟರಮ್ಮ ಮುಚ್ಚಳ ತೆಗೆದಳು. ಒಳಗೆ ನಲ್ಲಿ ನೀರು, ಅಂಗಳದ ಒಂದು ಜಲ್ಲಿಕಲ್ಲು.

ಬಾಗಿಲಾಚೆ ಕಾನ್‌ಸ್ಟೇಬಲ್ ಆಗಲೇ ಡಾಕ್ಟರಿಗೆ ಹೇಳುತ್ತಿದ್ದ: "ಹವಳದ ವಿಷ. ಹಬೆ. ಉಸಿರಿನ ಮೂಲಕ."

"ಊಟದಲ್ಲಿ ವಿಷ ಅಂತ ಬೊಟ್ಟು ಮಾಡಿದ್ರಿ. ಆದ್ರೆ ನಾನು ಕರೆತರೋವರೆಗೆ ಗೇಟು ದಾಟಲಿಲ್ಲ," ಎಂದಳು ಅವಳು. "ಅಣ್ಣ ಸಾಯ್ತಿದ್ದಾನೆ ಅಂದ್ರೆ ತಮ್ಮ ಒಳಗೆ ಓಡಿಬರ್ತಾನೆ. ಗಾಳಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿತ್ತು. ದಾರಿಹೋಕನಿಗೂ ಲೋಟ ಹೇಳಿಕೊಡೋರು, ಅಣ್ಣನಿಗೆ ಒಲೆ ಹೇಳಿಕೊಟ್ರಿ."

"ನಾತ ಬರುತ್ತೆ, ಪಕ್ಕದ ಮನೆಯವರು ಬೈತಾರೆ, ಕಿಟಕಿ ಮುಚ್ಚು ಅಂದೆ," ಎಂದ ಅವನು ಗೋಡೆಗೆ ಮುಖ ಮಾಡಿ. "ಅಂಗಡಿ ಹೋದ್ರೆ ನನಗೇನಿತ್ತು?"

* * *

ಸಂಜೆ ಆಸ್ಪತ್ರೆಯಲ್ಲಿ ಗಂಡ ಕಣ್ಣು ಬಿಟ್ಟ. ಹೆಂಡತಿ ಕಾರಿಡಾರಿಗೆ ಬಂದು ಇನ್ಸ್‌ಪೆಕ್ಟರಮ್ಮನ ಪಕ್ಕ ಕೂತಳು.

"ಏಡಿ ಇನ್ನೂ ತೊಟ್ಟಿಯಲ್ಲೇ ಇದೆ," ಎಂದಳು ಇನ್ಸ್‌ಪೆಕ್ಟರಮ್ಮ. "ಕಲ್ಲು ಎತ್ತೋ ಮುಂಚೆನೇ ಇಳಿದುಬಿಟ್ಟಿತ್ತು."

ಹೆಂಡತಿ ತಲೆಯಾಡಿಸಿದಳು. "ಒಲೆ ಹಚ್ಚಿದಾಗ ಮೈದುನ ಹೆದರಿದ್ನಂತೆ?"

"ತುಂಬ."

"ಇವರು ಹೆದರಿಲ್ಲ ನೋಡಿ. ತಮ್ಮ ಹೇಳಿದ್ದಾನಲ್ಲ ಅಂತ, ಕಿಟಕಿ ಭದ್ರವಾಗಿದೆಯಾ ಅಂತ ಎರಡು ಸಲ ನೋಡಿದ್ರಂತೆ."