ಯಮುನತ್ತೆ ಬೀಸಿದ ಬೇವು

ನಮ್ಮೂರು ಹೊಸಬಾಳೆಯಲ್ಲಿ ನನ್ನನ್ನು ಕಂಡರೆ ಹುಲಿಯೇ ದಾರಿ ಬಿಡುತ್ತೆ ಕಣ್ರೀ. ಅಂಥ ನಾನೇ ಹೋದ ಬೇಸಿಗೆಯಲ್ಲಿ, ಮಟಮಟ ಮಧ್ಯಾಹ್ನ, ಗಡಗಡ ನಡುಗಿದೆ.

ಮಗಳು ವಾಣಿಶ್ರೀಗೆ ದಡಾರ ಎದ್ದಿತ್ತು. ಮೈಮೇಲೆ ರೊಟ್ಟಿ ಬೇಯಿಸಬಹುದು, ಅಷ್ಟು ಜ್ವರ. ದಡಾರ ಅಂದರೆ ದೇವಿ, ಅಮ್ಮ ಮನೆಗೆ ಬಂದಿದ್ದಾಳೆ ಅಂತ ಒಗ್ಗರಣೆ ನಿಲ್ಲಿಸಿದ್ದೆವು, ಪುಟ್ಟ ಮಗನ ಲಸಿಕೆಯನ್ನೂ ನಿಲ್ಲಿಸಿದ್ದೆವು. ನಾನು ನೋಡುತ್ತಿದ್ದಂತೆ ಮಗಳ ತಲೆಯ ಹತ್ತಿರ ಇಟ್ಟಿದ್ದ ಬೇವಿನ ಟೊಂಗೆ ತಾನಾಗಿ ಮೆಲ್ಲಗೆ ಬೀಸತೊಡಗಿತು. ಆ ಮೂಲೆ ಮಾತ್ರ ಬಾವಿನೀರಿನಷ್ಟು ತಣ್ಣಗಿತ್ತು.

“ಯಾರೇ ಅದು?”

“ಯಮುನತ್ತೆ. ಕೂಗ್ಬೇಡಪ್ಪ. ತಮ್ಮಂಗೆ ಸೂಜಿ ಹಾಕಿಸ್ಬೇಕಂತೆ. ಅತ್ತೆಗೆ ಯಾರೂ ಹಾಕಿಸ್ಲಿಲ್ವಂತೆ.”

ನನ್ನಕ್ಕ ಯಮುನಾ ಇವಳ ವಯಸ್ಸಿನಲ್ಲೇ ದಡಾರದಿಂದ ತೀರಿಕೊಂಡಳು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮರುದಿನವೇ ಮಗನನ್ನು ಆನವಟ್ಟಿಯ ಆಸ್ಪತ್ರೆಗೆ ಒಯ್ದೆ. ಸೂಜಿ ಚುಚ್ಚಿದಾಗ ಕೂಸು ಅಳಲೇ ಇಲ್ಲ. ನನ್ನ ಹೆಗಲಾಚೆಯ ಬರಿಗೋಡೆಗೆ ಎರಡೂ ಕೈ ಚಾಚಿ, ಎತ್ತಿಕೋ ಅನ್ನುವಂತೆ ನಗುತ್ತಿತ್ತು.